ಬಿಡುಗಡೆ ಆಯ್ತು ಅಂದ್ರೆ ಆಕೆ ಸುಳ್ಳು ಹೇಳಿದಳು ಅಂತಲ್ಲ

ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಎಂಟು ವರ್ಷವಾಯಿತು. ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಈಗ ಬರುವುದು ಮದುವೆ ಕಾರ್ಡು, ಮಕ್ಕಳ ಫೋಟೋ ಅಷ್ಟೆ. ಈಚೆಗೆ ಒಬ್ಬ ಗೆಳೆಯ ಸುದ್ದಿಯೊಂದರ ಲಿಂಕ್ ಹಾಕಿದ. ಅತ್ಯಾಚಾರದ ಕೇಸಿನಲ್ಲಿ ಶಿಕ್ಷೆಯಾಗಿದ್ದವನು ಮೇಲ್ಮನವಿಯಲ್ಲಿ ಬಿಡುಗಡೆ ಆಗಿದ್ದ. "ನೋಡ್ರಲೇ, ಸಾಕ್ಷಿನ ಇರಲಿಲ್ಲ, ಬರೇ ಅಕಿ ಮಾತು. ಸುಳ್ಳ ಕೇಸ್" ಅಂತ ಬರೆದಿದ್ದ. ಅದರ ಕೆಳಗೆ ಗೆಳತಿಯೊಬ್ಬಳ ಒಂದೇ ಸಾಲು: "ಅದಕ್ಕ ನಮ್ಮ ಓಣ್ಯಾಗ ಯಾರೂ ಸ್ಟೇಷನ್ನಿಗೆ ಹೋಗೂದಿಲ್ಲ."

ಆ ಸಾಲು ತಲೆಯಲ್ಲೇ ಉಳಿಯಿತು. ನಾನು ವಕೀಲನಲ್ಲ, ಕೋಡ್ ಬರೆಯುವವನು. ಆದರೆ ತೀರ್ಪುಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಕೂತು ಓದಿದೆ.

ಮೊದಲನೆಯದಾಗಿ, "ಬರೇ ಅಕಿ ಮಾತು" ಕೂಡ ಸಾಕ್ಷ್ಯವೇ. ಇಂತಿಷ್ಟೇ ಜನ ಸಾಕ್ಷಿ ಬೇಕು ಅಂತ 1872ರ ಕಾಯ್ದೆ ಹೇಳಿರಲಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಹೇಳುವುದಿಲ್ಲ. 1996ರ ಗುರ್ಮೀತ್ ಸಿಂಗ್ ಪ್ರಕರಣದಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಬಿಟ್ಟಿತ್ತು. ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿ ಹೇಳಿದ್ದು: ಸಂತ್ರಸ್ತೆಯ ಮಾತು ನಂಬುವಂತಿದ್ದರೆ ಅದೊಂದರ ಮೇಲೇ ಶಿಕ್ಷೆ ಕೊಡಬಹುದು, ಮನೆತನದ ಮರ್ಯಾದೆಗೆ ಅಂಜಿ ದೂರು ತಡವಾದ ಮಾತ್ರಕ್ಕೆ ಕೇಸು ಬೀಳಬಾರದು. ಅದಕ್ಕೂ ಮೊದಲು, 1983ರ ಭರವಾಡಾ ತೀರ್ಪು ಸಣ್ಣಪುಟ್ಟ ವ್ಯತ್ಯಾಸಗಳನ್ನು ದೊಡ್ಡದು ಮಾಡಬೇಡಿ ಅಂದಿತ್ತು. ಮನುಷ್ಯನ ನೆನಪು ವಿಡಿಯೋ ಟೇಪ್ ಅಲ್ಲವಲ್ಲ.

ಆಕೆಯ ಹಿಂದಿನ ಬದುಕನ್ನು ಕೆದಕಿ ಒಪ್ಪಿಗೆ ಇತ್ತು ಅಂತ ತೋರಿಸುವ ದಾರಿಯನ್ನು 2013ರ ತಿದ್ದುಪಡಿ ಮುಚ್ಚಿತು. ಎರಡು ಬೆರಳಿನ ಪರೀಕ್ಷೆ ಮಾಡುವವರು ದುರ್ನಡತೆ ಮಾಡಿದಂತೆ ಅಂತ 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಹಾಗಾದರೆ ಕೇಸುಗಳು ಮೇಲ್ಮನವಿಯಲ್ಲಿ ಯಾಕೆ ಬೀಳುತ್ತವೆ? ನಮ್ಮ ಹುಕ್ಕೇರಿ, ಗೋಕಾಕ ಕಡೆಯ ಸೆಷನ್ಸ್ ಕೇಸಿನ ಮೇಲ್ಮನವಿ ಹೋಗುವುದು ಧಾರವಾಡದ ಹೈಕೋರ್ಟ್ ಪೀಠಕ್ಕೆ. ಅಲ್ಲಿ ಸಾಮಾನ್ಯವಾಗಿ ಸಾಕ್ಷಿಗಳು ಮತ್ತೆ ಕಟಕಟೆ ಹತ್ತುವುದಿಲ್ಲ. ನ್ಯಾಯಮೂರ್ತಿಗಳ ಮುಂದಿರುವುದು ದೂರು, ವೈದ್ಯರ ವರದಿ, ಪಾಟೀಸವಾಲಿನ ಕಾಗದಗಳು. ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ ಪ್ರೋಗ್ರಾಂ ಮತ್ತೆ ಓಡಿಸುವಂತಿಲ್ಲ, ಲಾಗ್ ಓದಬೇಕು. ಮೊದಲ ದಿನವೇ ಸರಿಯಾಗಿ ಬರೆದುಕೊಳ್ಳದ್ದು ಅಲ್ಲಿ ಸಿಗುವುದಿಲ್ಲ.

ಓದಿದ ಮೇಲೂ ಸಂಶಯ ಉಳಿದರೆ ಅದರ ಲಾಭ ಆರೋಪಿಗೆ. ಕೆಳಗಿನ ಕೋರ್ಟೇ ಬಿಟ್ಟಿದ್ದರೆ ಇನ್ನೂ ಬಿಗಿ: ಸಾಕ್ಷ್ಯದಿಂದ ಎರಡು ತೀರ್ಮಾನ ಸಾಧ್ಯವಿದ್ದರೆ ಬಿಡುಗಡೆಯನ್ನು ಮುಟ್ಟಬಾರದು ಅಂತ, ನಮ್ಮ ರಾಜ್ಯದಿಂದಲೇ ಹೋದ ಚಂದ್ರಪ್ಪ ಪ್ರಕರಣದಲ್ಲಿ 2007ರಲ್ಲಿ ತೀರ್ಪಾಗಿದೆ. ಈ ನಿಯಮ ಬೇಕು. ನಾಳೆ ನಮ್ಮ ತಮ್ಮನ ಮೇಲೇ ಆರೋಪ ಬಂದರೆ ನಾವು ಕೇಳುವುದೂ ಇದನ್ನೇ. ಆದರೆ 'ಸಾಬೀತಾಗಲಿಲ್ಲ' ಮತ್ತು 'ಸುಳ್ಳು ಹೇಳಿದಳು' ಎರಡೂ ಒಂದೇ ಅಲ್ಲ. ಹೆಚ್ಚಿನ ಬಿಡುಗಡೆಯ ತೀರ್ಪುಗಳು ಮೊದಲನೆಯದನ್ನಷ್ಟೇ ಹೇಳುತ್ತವೆ. ಎರಡನೆಯದನ್ನು ಸೇರಿಸುವವರು ನಾವು.

ಪ್ರಜ್ವಲ್ ರೇವಣ್ಣ ಪ್ರಕರಣ ನೋಡಿ. ದೂರು ಬಂದದ್ದು 2024ರಲ್ಲಿ, ಘಟನೆ ನಡೆದು ವರ್ಷಗಳಾದ ಮೇಲೆ. ಆದರೂ ಸಂತ್ರಸ್ತೆಯ ಸೀರೆ ಸಿಕ್ಕಿತು, ಅದರ ಮೇಲೆ ಡಿಎನ್‌ಎ ಇತ್ತು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಅವರು ಹೈಕೋರ್ಟಿಗೆ ಮೇಲ್ಮನವಿ ಹಾಕಿದರು. ಮೇಲ್ಮನವಿಯಲ್ಲಿ ತೂಗುವುದೂ ಆಕೆಯ ಮಾತು, ಆ ಸೀರೆ, ಆ ತಡ ಇವನ್ನೇ.

ಹಾಗಾಗಿ ಗೊತ್ತಿರಬೇಕಾದ ನಾಲ್ಕು ಮಾತು. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ನಮ್ಮ ವ್ಯಾಪ್ತಿಯಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಚಿಕಿತ್ಸೆ ಖಾಸಗಿ ಆಸ್ಪತ್ರೆಯಲ್ಲೂ ಉಚಿತ. ಬಟ್ಟೆ ತೊಳೆಯಬಾರದು, ಕಾಗದದ ಚೀಲದಲ್ಲಿಡಬೇಕು, ಪ್ಲಾಸ್ಟಿಕ್‌ನಲ್ಲಲ್ಲ. ಆರೋಪಿ ಬಿಡುಗಡೆಯಾದರೆ ಸಂತ್ರಸ್ತೆ ತಾನೇ ಮೇಲ್ಮನವಿ ಹೋಗಬಹುದು, ಈ ಹಕ್ಕು 2009ರ ಕೊನೆಯಿಂದ ಇದೆ.

ಇನ್ನೊಂದಿದೆ. ಆಕೆ ಮೊದಲು ಹೇಳಿಕೊಳ್ಳುವುದು ಪೊಲೀಸರ ಹತ್ತಿರ ಅಲ್ಲ. ಅಕ್ಕನಿಗೆ, ಗೆಳತಿಗೆ, ಆಫೀಸಿನ ಪಕ್ಕದ ಸೀಟಿನವರಿಗೆ. ಯಾವಾಗ ಹೇಳಿದಳು, ಏನು ಹೇಳಿದಳು ಅನ್ನುವುದೂ ಕೋರ್ಟಿನಲ್ಲಿ ಬೇಕಾಗುತ್ತದೆ. ಅಂಥ ಮಾತು ನಿಮ್ಮ ಕಿವಿಗೆ ಬಿದ್ದರೆ ಆ ಮೆಸೇಜ್ ಡಿಲೀಟ್ ಮಾಡಬೇಡಿ. "ಯಾಕ ಇಷ್ಟ ತಡಾ ಮಾಡಿದಿ?" ಅಂತ ಕೇಳಬೇಡಿ. "ನಡಿ, ನಾನೂ ಬರ್ತೀನಿ" ಅನ್ನಿ.