ಚೇಂಬರ್ ತೊಳೆದ ದಿನ

ರಜೆಯಲ್ಲಿ ನಾನು ಮಾಮನ ಗ್ಯಾರೇಜಿಗೆ ಹೋಗುತ್ತಿದ್ದೆ. ಒಂದು ದಿನ ಬಾಡಿಗೆ ಕಾರು ಓಡಿಸುವವರೊಬ್ಬರು ಬಂದರು. ಇಂಜಿನ್ ಕೆಳಗೆ ಆಯಿಲ್ ಸೋರುತ್ತಿತ್ತು, ಆಯಿಲ್‌ನ ಕೆಂಪು ದೀಪ ಆಗಾಗ ಮಿನುಗುತ್ತಿತ್ತು. ಆಯಿಲ್ ಚೇಂಬರ್ ಕಂಪನಿಯದ್ದಲ್ಲ, ಹಿಂದೊಮ್ಮೆ ಹೊರಗಿನಿಂದ ತಂದು ಹಾಕಿದ ಅಲ್ಯೂಮಿನಿಯಂನದ್ದು. "ಇದನ್ನೇ ಸರಿ ಮಾಡಿ ಕೊಡಿ ಭಾಯ್, ಈ ತಿಂಗಳು ಮಗಳ ಫೀಸು ಕಟ್ಟಬೇಕು" ಎಂದರು.

ಆಯಿಲ್ ಇಳಿಸಿ, ಸುತ್ತಲಿನ ಬೋಲ್ಟ್‌ಗಳನ್ನು ಬಿಚ್ಚಿದೆವು. ಒಳಗೆ ಕಪ್ಪು ಕೆಸರು. ಪಂಪು ಆಯಿಲ್ ಎಳೆಯುವ ಜಾಲರಿಗೆ ಸಿಲಿಕಾನ್ ಚೂರುಗಳು ಅಂಟಿದ್ದವು. ಸೋರಬಾರದೆಂದು ಯಾರೋ ಪೇಸ್ಟನ್ನು ಧಾರಾಳವಾಗಿ ಬಳಿದಿದ್ದರು. ಹೆಚ್ಚಾದದ್ದು ಒಳಗೆ ಉದುರಿ ಆಯಿಲ್‌ನ ದಾರಿಯನ್ನೇ ಮುಚ್ಚುತ್ತಿತ್ತು. "ಹೀಗೇ ಓಡಿಸಿದ್ದರೆ ಇಂಜಿನ್ನೇ ಜಾಮ್ ಆಗುತ್ತಿತ್ತು" ಎಂದರು ಮಾಮ.

ಜಾಲರಿ, ಚೇಂಬರ್ ಎರಡನ್ನೂ ಡೀಸೆಲ್‌ನಲ್ಲಿ ತೊಳೆದೆ. ಅಂಚಿನ ಹಳೆ ಪೇಸ್ಟನ್ನು ಪ್ಲಾಸ್ಟಿಕ್ ತುಂಡಿನಿಂದ ಕೆರೆದೆ. ಕಬ್ಬಿಣದಿಂದ ಕೆರೆದರೆ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದು ಮತ್ತೆ ಸೋರುತ್ತದೆ. ಬಿರುಕು ಹುಡುಕಲು ಹೊರಗೆ ಸೀಮೆಸುಣ್ಣ ಬಳಿದು, ಒಳಗೆ ಸೀಮೆಎಣ್ಣೆ ತುಂಬಿಟ್ಟೆವು. ಎಷ್ಟು ಹೊತ್ತಾದರೂ ಸುಣ್ಣ ಒದ್ದೆಯಾಗಲಿಲ್ಲ. ಸೋರಿದ್ದು ಅಂಚಿನಿಂದಲೇ, ಚೇಂಬರ್ ಗಟ್ಟಿಯಾಗಿದೆ!

ಅಂಚನ್ನು ಒಣಗಿಸಿ, ತೆಳುವಾಗಿ ಒಂದೇ ಗೆರೆ ಪೇಸ್ಟ್ ಹಾಕಿ, ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆವು. ಹಳೆ ಆಯಿಲನ್ನು ಚರಂಡಿಗೆ ಚೆಲ್ಲದೆ ಕ್ಯಾನಿಗೆ ತುಂಬಿದೆವು. ಮರುದಿನ ಹೊಸ ಆಯಿಲ್ ಹಾಕಿ ಸ್ಟಾರ್ಟ್ ಮಾಡಿದಾಗ ಕೆಂಪು ದೀಪ ಆರಿತು, ಆರಿಯೇ ಇತ್ತು.

ಗೆಳೆಯರೇ, ಕಣ್ಣಿಗೆ ಬೀಳದ ಜಾಗವನ್ನು ತೊಳೆದದ್ದಕ್ಕೆ ಬಿಲ್ಲಿನಲ್ಲಿ ಒಂದು ಸಾಲೂ ಇರಲಿಲ್ಲ. ಆದರೆ ಒಂದು ಮನೆಯ ಸಂಪಾದನೆ ಅದರ ಮೇಲೆಯೇ ನಿಂತಿತ್ತು.