ಅತಿಥಿ ಉಪನ್ಯಾಸಕಿ ಮತ್ತ ಕೂಸಿನ ಮನಿ

ಎರಡು ವರ್ಷದಾಗ ಒಂಬತ್ತು ಅರ್ಜಿ ಹಾಕೇನಿ. "ಅರ್ಜಿ ಹಾಕೋದ ನಿನಗೊಂದು ಉದ್ಯೋಗ ಆಗೇತಿ ನೋಡು" ಅಂತ ನಮ್ಮ ವೈನಿ ನಗತಾರ. ವಿಶ್ವವಿದ್ಯಾಲಯದ ಅರ್ಜಿ ಅಂದ್ರ ಒಂದು ಹಾಳಿ ಅಲ್ಲರೀ. ಎಸ್ಸೆಸ್ಸೆಲ್ಸಿಯಿಂದ ಪಿಎಚ್‌.ಡಿ.ವರೆಗಿನ ಪ್ರಮಾಣಪತ್ರ, ನೆಟ್, ಜಾತಿ, ಅಚ್ಚಾದ ಲೇಖನ, ಎಲ್ಲಾದರ ಜೆರಾಕ್ಸ್ ತಗದು, ಹಾಳಿ ಹಾಳಿಗೂ ಸಹಿ ಮಾಡಿ, ಡಿ.ಡಿ. ಹಚ್ಚಿ ಸ್ಪೀಡ್ ಪೋಸ್ಟ್ ಮಾಡಬೇಕು. ಮಗಳು ಮಲಗಿದ ಮ್ಯಾಲೆ ಅಡಗಿಮನಿ ಕಟ್ಟಿ ಮ್ಯಾಲೆ ಹರವಿಕೊಂಡು ಕುಂದ್ರತಿದ್ದೆ. ಒಮ್ಮೆ ಎದ್ದು ಬಂದು ಎಂ.ಎ. ಅಂಕಪಟ್ಟಿ ಜೆರಾಕ್ಸ್ ಮ್ಯಾಲೆ ಆನಿ ಬರದಾಳ. ಮತ್ತ ಎರಡು ರೂಪಾಯಿ ಖರ್ಚು.

ಅರ್ಜಿಯೊಳಗ ಅನುಭವದ ಕಾಲಂ ಇರತೈತಿ. ಇಂಥಾ ದಿನದಿಂದ ಇಂಥಾ ದಿನದತನಕ. ಮಗಳು ಹುಟ್ಟಿದ ಮ್ಯಾಲಿನ ಹದಿನಾಲ್ಕು ತಿಂಗಳು ಅಲ್ಲಿ ಖಾಲಿ. ಒಂದು ಸಂದರ್ಶನದಾಗ ಅದನ್ನ ಬೆರಳಿಟ್ಟು ಕೇಳಿದ್ರು, "ಈ ಅವಧಿಯಲ್ಲಿ ಏನು ಮಾಡುತ್ತಿದ್ದಿರಿ?" "ಕೂಸು ಸಾಕತಿದ್ದೆ ಸರ್" ಅಂದೆ. "ಈಗ ಯಾರು ನೋಡಿಕೊಳ್ಳುತ್ತಾರೆ?" ನನ್ನ ಹಿಂದ ಒಳಗ ಹೋದ ಗಂಡಸಿಗೂ ಮನ್ಯಾಗ ಎರಡು ಮಕ್ಕಳು. ಅವರನ್ನ ಈ ಮಾತು ಯಾರೂ ಕೇಳಲಿಲ್ಲಂತ.

ನಾನೂ ತಿರುಗಿ ಕೇಳಿದೆ, "ಕ್ಯಾಂಪಸ್ಸಿನಾಗ ಮಕ್ಕಳನ್ನ ಬಿಡೋ ಜಾಗಾ ಐತೇನ್ರಿ?" ಒಬ್ಬರ ಮುಖ ಒಬ್ಬರು ನೋಡಿಕೊಂಡ್ರು. "ಗೆಸ್ಟ್ ಹೌಸ್ ಇದೆಯಮ್ಮ" ಅಂದ್ರು ಒಬ್ಬ ಹಿರಿಯರು.

ನಾ ಏನೂ ಇಲ್ಲದ್ದನ್ನ ಕೇಳಿದ್ದಿಲ್ಲ. 2017ರಾಗ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಆತು. ಮೊದಲಿನ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜಾ ಅನ್ನೋದು ಎಲ್ಲಾರಿಗೂ ಗೊತ್ತು. ಅದರಾಗ 50 ಮಂದಿ ಅಥವಾ ಹೆಚ್ಚು ಕೆಲಸದವರು ಇರೋ ಸಂಸ್ಥೆ ಶಿಶುಪಾಲನಾ ಕೇಂದ್ರ ಮಾಡಬೇಕು, ತಾಯಿಗೆ ದಿನಕ್ಕ ನಾಕು ಸಲ ಅಲ್ಲಿಗೆ ಹೋಗಿ ಬರಲಿಕ್ಕೆ ಬಿಡಬೇಕು ಅಂತನೂ ಬರದಾರ. ಅದನ್ನ ಓದಿದವರು ಕಡಿಮಿ. ನಮ್ಮ ತವರಿನ ಪಂಚಾಯ್ತಿಯೊಳಗ ಉದ್ಯೋಗ ಖಾತ್ರಿ ಕೆಲಸಕ್ಕ ಹೋಗೋರ ಮಕ್ಕಳಿಗೆ "ಕೂಸಿನ ಮನೆ" ಐತಿ. ಅವ್ವ ಕೇಳಿದ್ಲು, "ಮಣ್ಣ ಹೊರೋರಿಗೆ ಇದ್ದದ್ದು ಪಾಠ ಹೇಳೋರಿಗೆ ಯಾಕಿಲ್ಲ?"

ಕಡೀಗೆ ಸಿಕ್ಕದ್ದು ಅತಿಥಿ ಉಪನ್ಯಾಸಕಿ ಕೆಲಸ. ಅತಿಥಿಗೆ ನಾವೆಲ್ಲಾ ಮೊದಲ ನೀರು ಕೊಡತೀವಿ, ಇಲ್ಲಿ ಟೈಮ್‌ಟೇಬಲ್ ಕೊಟ್ರು. ಕಾಯಂ ಅಧ್ಯಾಪಕಿಗೆ ಯುಜಿಸಿ 2018ರ ನಿಯಮದಂಗ ಇಡೀ ಸೇವಾದಾಗ 730 ದಿನದತನಕ ಶಿಶುಪಾಲನಾ ರಜಾ ಕೊಡಬಹುದು. ನಮಗ ಪಾಠ ಮಾಡಿದಷ್ಟು ತಾಸಿಂದು ರೊಕ್ಕ.

ಮಗಳನ್ನ ನಮ್ಮ ಅತ್ತಿಯವರು ನೋಡ್ಕೋತಾರ. 68 ವರ್ಷ, ಎರಡೂ ಮೊಣಕಾಲು ನೋವು. ಮೊನ್ನೆ ಬಾಜೂ ಮನಿ ಅಕ್ಕ ಹೇಳಿದ್ರಂತ ತಿಳೀತು, ಕೂಸು ಬಿಡಲಾರದ್ದಕ್ಕ ಅತ್ತಿ ಮೂರು ಹೊಡದ್ರೂ ಉಂಡಿರಲಿಲ್ಲ. ನನಗ ಮಾತ್ರ "ಉಂಡೀನವ್ವಾ" ಅಂದಿದ್ರು. ರೊಟ್ಟಿ ಬುಟ್ಟಿ ತಗದು ನೋಡಿದ್ರ ಮುಂಜಾನೆ ಮಾಡಿಟ್ಟಷ್ಟೂ ಹಂಗ ಇದ್ದವು. ಆ ರಾತ್ರಿ ನಿದ್ದಿ ಹತ್ತಲಿಲ್ಲ. ವಿಶ್ವವಿದ್ಯಾಲಯ ನಡಸಬೇಕಾದ ಕೂಸಿನ ಮನಿ ನಮ್ಮತ್ತಿ ಪುಕ್ಕಟ ನಡಸಾಕತ್ತಾರಲ್ಲ!

(ನಿಮ್ಮ ಮಗಳೋ ಸೊಸಿಯೋ ಪಿಎಚ್‌.ಡಿ. ಮಾಡತಿದ್ರ ಹೇಳ್ರಿ: ಯುಜಿಸಿ ನಿಯಮದಾಗ ಹೆರಿಗಿ ಅಥವಾ ಕೂಸಿನ ಸಲುವಾಗಿ ಒಮ್ಮೆ 240 ದಿನದತನಕ ರಜಾ ಐತಿ, ಪ್ರಬಂಧ ಮುಗಸಲಿಕ್ಕೆ ಎರಡು ವರ್ಷದ ರಿಯಾಯ್ತಿನೂ ಐತಿ. ಗೈಡ್ ತಾವಾಗಿ ಹೇಳೋದು ಕಡಿಮಿ.)

ಮರುದಿನ ಸ್ಟಾಫ್ ರೂಮಿನಾಗ ಕುಂತು ಒಂದು ಮನವಿ ಬರದೆ. ಗ್ರಂಥಾಲಯದ ಹಿಂದ ಮುರದ ಕುರ್ಚಿ ತುಂಬಿದ ಖೋಲಿ ಐತಿ, ಅದನ್ನ ಮಕ್ಕಳಿಗೆ ಕೊಡ್ರಿ, ನೋಡ್ಕೊಳ್ಳಾಕ ಒಬ್ಬಾಕಿನ್ನ ಇಡ್ರಿ ಅಂತ. ಹನ್ನೊಂದು ಮಂದಿ ಸಹಿ ಹಾಕಿದ್ರು. ಕಸಾ ಹೊಡಿಯೋ ಅಕ್ಕ ತನ್ನ ಮೂರು ವರ್ಷದ ಹುಡುಗನ್ನ ದಿನಾ ಸೈಕಲ್ ಸ್ಟ್ಯಾಂಡಿನ ನೆಳ್ಳಾಗ ಕುಂದ್ರಸಿರತಾಳ. ಆಕಿ ಹೆಬ್ಬೆಟ್ಟು ಒತ್ತಿದ್ಲು.

ಆಫೀಸಿನಿಂದ ಉತ್ತರ ಬಂದೈತಿ. ಕಾಯಂ ಸಿಬ್ಬಂದಿಯ ಮಕ್ಕಳು ಎಷ್ಟು, ಪಟ್ಟಿ ಕೊಡ್ರಿ ಅಂದಾರ. ಕಾಯಂನವರ ಸಣ್ಣ ಮಕ್ಕಳು ನಾಕ. ನಾವು ಅತಿಥಿಗಳದು, ಕ್ಯಾಂಟೀನಿನವರದು, ಕಸಾ ಹೊಡಿಯೋರದು ಎಲ್ಲಾ ಸೇರಿಸಿ ಹತ್ತೊಂಬತ್ತು ಹೆಸರು ಬರದೇವಿ. ಸೋಮವಾರ ಕೊಡಾಕ ಹೊಂಟೇವಿ.