ಫೋನು ಓದಲು ಕಲಿತ ಊರು, ಅಜ್ಜನ ಪತ್ರ

"ಫೋನೇ ಓದಿ ಹೇಳುತ್ತಲ್ಲ ಅಮ್ಮಾ, ನಾನ್ಯಾಕೆ ಕಲೀಬೇಕು?"

ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಬಂದಿರಬಹುದು. ಹೋದ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಹತ್ತು ವರ್ಷದ ಮಗಳು ಸಾಗರದ ಬಸ್ ನಿಲ್ದಾಣದಲ್ಲಿ ಬೋರ್ಡುಗಳಿಗೆಲ್ಲ ಫೋನಿನ ಕ್ಯಾಮೆರಾ ಹಿಡಿದು, ಇಂಗ್ಲಿಷಿನಲ್ಲಿ ಓದಿಕೊಂಡು ಓಡಾಡಿದಳು. ವಾಪಸ್ ಬಂದ ಮೇಲೆ ಕನ್ನಡ ತರಗತಿಗೆ ಹೋಗುವುದೇ ಇಲ್ಲ ಎಂದು ಹಟ ಹಿಡಿದಳು. ವಾದ ಮಾಡಿ ಗೆಲ್ಲಲು ನನ್ನಿಂದಾಗಲಿಲ್ಲ. ಯಂತ್ರ ಓದಲು ಕಲಿತ ಜಾಗವನ್ನೇ ತೋರಿಸೋಣ ಎಂದು ಒಂದು ಶನಿವಾರ ಎಲ್ಲರೂ ಹೋಮ್‌ಡೆಲ್‌ಗೆ ಹೊರಟೆವು.

ನೀವು ನ್ಯೂಜೆರ್ಸಿಯಲ್ಲಿದ್ದರೆ ಅಥವಾ ಈ ಕಡೆ ಬಂದರೆ, ಒಂದು ಮಧ್ಯಾಹ್ನ ಇದಕ್ಕೆ ಇಟ್ಟುಕೊಳ್ಳಿ. ಮೊದಲು ಕಾಣುವುದು ಮೂರು ಕಾಲಿನ ದೊಡ್ಡ ಬಿಳಿ ನೀರಿನ ಟ್ಯಾಂಕು. 1947ರಲ್ಲಿ ಬೆಲ್ ಲ್ಯಾಬ್ಸ್ ವಿಜ್ಞಾನಿಗಳು ಕಂಡುಹಿಡಿದ ಟ್ರಾನ್ಸಿಸ್ಟರಿನ ಆಕಾರ ಅದಕ್ಕೆ. ಅದರ ಹಿಂದೆ ಕನ್ನಡಿಯಂತೆ ಹೊಳೆಯುವ ಉದ್ದನೆಯ ಕಟ್ಟಡ. ವಾಸ್ತುಶಿಲ್ಪಿ ಈರೋ ಸಾರಿನೆನ್ ವಿನ್ಯಾಸ ಮಾಡಿದ ಇದು 1962ರಲ್ಲಿ ತೆರೆಯಿತು. ಆಗ ಸಂಶೋಧನಾಲಯ; ಈಗ 'ಬೆಲ್ ವರ್ಕ್ಸ್' ಎಂಬ ಹೆಸರಿನಲ್ಲಿ ಕಚೇರಿ, ಅಂಗಡಿ, ಹೋಟೆಲುಗಳ ಜೊತೆಗೆ ಊರಿನ ಗ್ರಂಥಾಲಯವೂ ಒಳಗಿದೆ. ಟಿಕೆಟ್ ಇಲ್ಲ. ಗಾಜಿನ ಚಾವಣಿಯ ಕೆಳಗೆ ಮಕ್ಕಳು ಎಷ್ಟು ನಡೆದರೂ ಜಾಗ ಮುಗಿಯುವುದಿಲ್ಲ.

ಯಾನ್ ಲೆಕನ್ ಎಂಬ ಫ್ರೆಂಚ್ ವಿಜ್ಞಾನಿ 1988ರಲ್ಲಿ ಕೆಲಸಕ್ಕೆ ಸೇರಿದ್ದು ಇಲ್ಲಿಗೇ. ಅವರ ತಂಡದ ಮುಂದಿದ್ದದ್ದು ಅಂಚೆಯ ಸಮಸ್ಯೆ: ಲಕೋಟೆಯ ಮೇಲೆ ಜನ ಕೈಯಲ್ಲಿ ಬರೆದ ಪಿನ್ ಕೋಡನ್ನು, ಇಲ್ಲಿನವರ ಜಿಪ್ ಕೋಡನ್ನು, ಯಂತ್ರ ಓದಬೇಕು. ಒಬ್ಬರ 4 ಇನ್ನೊಬ್ಬರ 9ರ ಹಾಗೆ ಕಾಣುತ್ತದೆ. ನಿಯಮ ಬರೆದುಕೊಟ್ಟರೆ ಸಾಲದು. ಹಾಗಾಗಿ ಅವರು ಉದಾಹರಣೆಗಳನ್ನು ಕೊಟ್ಟರು. ಬಫಲೋ ನಗರದ ಅಂಚೆ ಕಚೇರಿಯಲ್ಲಿ ಹಾದುಹೋದ ಲಕೋಟೆಗಳಿಂದ ತೆಗೆದ 7,291 ಅಂಕಿಗಳನ್ನು ತೋರಿಸಿ ಕಲಿಸಿದರು, ಕಲಿಕೆಯಲ್ಲಿ ಬಳಸದ 2,007 ಅಂಕಿಗಳಲ್ಲಿ ಪರೀಕ್ಷಿಸಿದರು. 1989ರಲ್ಲಿ ಇದು ಪ್ರಕಟವಾಯಿತು. ಮುಂದೆ ಇದೇ ವಿಧಾನ ಬ್ಯಾಂಕಿನ ಚೆಕ್ಕುಗಳ ಮೊತ್ತವನ್ನೂ ಓದಿತು.

ಮಕ್ಕಳಿಗೆ ಹೀಗೆ ಹೇಳಬಹುದು: ಒಂದು ಪುಟ್ಟ ಕಿಟಕಿ ಚಿತ್ರದ ಮೇಲೆಲ್ಲ ಸರಿದಾಡುತ್ತಾ ಎಲ್ಲಿ ಗೆರೆ ಇದೆ, ಎಲ್ಲಿ ತಿರುವು ಇದೆ ಎಂದು ಗುರುತು ಹಾಕುತ್ತದೆ. ಆ ಗುರುತುಗಳನ್ನು ಸೇರಿಸಿ ಸುತ್ತು, ಬಾಲ, ಕೊನೆಗೆ ಇಡೀ ಅಂಕಿ. ತಪ್ಪಾದಾಗಲೆಲ್ಲ ತನ್ನನ್ನು ಸ್ವಲ್ಪ ತಿದ್ದಿಕೊಳ್ಳುತ್ತದೆ.

"ಹಾಗಾದ್ರೆ ಕನ್ನಡ ಅಂಕಿ ಅದಕ್ಕೆ ಯಾರು ಕಲಿಸಿದ್ರು?" ಎಂದಳು ಮಗಳು.

ಅದಕ್ಕೂ ಉತ್ತರವಿದೆ. ಬೆಂಗಳೂರಿನ ಅರವತ್ತಕ್ಕೂ ಹೆಚ್ಚು ಮಂದಿ ಕೂತು ೦ರಿಂದ ೯ರವರೆಗೆ ಮತ್ತೆ ಮತ್ತೆ ಬರೆದುಕೊಟ್ಟರು. ಅದರಿಂದ 70,000 ಪುಟ್ಟ ಚಿತ್ರಗಳ ಸಂಗ್ರಹವೊಂದು 2019ರಲ್ಲಿ 'ಕನ್ನಡ-ಎಂನಿಸ್ಟ್' ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಯಂತ್ರಕ್ಕೆ ಕನ್ನಡ ಕಲಿಸಲು ಮೊದಲು ಕನ್ನಡಿಗರು ಪೆನ್ನು ಹಿಡಿಯಬೇಕಾಯಿತು.

ಗ್ರಂಥಾಲಯದ ಮೇಜಿನ ಮೇಲೆ ನಾನು ಬ್ಯಾಗಿನಿಂದ ನನ್ನ ಅಪ್ಪನ ಪತ್ರ ತೆಗೆದೆ. ಮಗಳು ಹುಟ್ಟಿದಾಗ ಅವರು ಅವಳಿಗೇ ಬರೆದದ್ದು. ಅವರು ತೀರಿಕೊಂಡು ಎರಡು ವರ್ಷವಾಯಿತು. ಮಗಳು ಎಂದಿನಂತೆ ಫೋನು ಹಿಡಿದಳು. ಅಚ್ಚಾದ ಬೋರ್ಡನ್ನು ಸಲೀಸಾಗಿ ಓದಿದ್ದ ಫೋನು ಅಜ್ಜನ ಕೂಡಕ್ಷರದ ಮುಂದೆ ತಡವರಿಸಿತು. "ನೀನು ಹುಟ್ಟಿದ ೧೬ನೇ ತಾರೀಕು" ಎಂದಿದ್ದನ್ನು 19 ಎಂದಿತು.

"ನಾನು ಹುಟ್ಟಿದ್ದು ಹದಿನಾರಕ್ಕೆ ಅಲ್ವಾ?"

"ಅದು ೬. ಅಜ್ಜ ಆರರ ಬಾಲ ಎಳೆಯುತ್ತಿದ್ದದ್ದೇ ಹಾಗೆ."

ಮುಂದಿನ ಸಾಲಿನ ಒಂದು ಪದಕ್ಕೆ ಫೋನು ಅರ್ಥವೇ ಇಲ್ಲದ್ದೇನೋ ಕೊಟ್ಟಿತು. ನಾನು ಬೆರಳಿಟ್ಟು ತೋರಿಸಿದೆ. ಅವಳು ಒಂದೊಂದೇ ಅಕ್ಷರ ಕೂಡಿಸಿದಳು: ಹ, ಲ, ಸಿ, ನ. ಅವಳು ಹುಟ್ಟಿದ ದಿನ ಅಜ್ಜ ಹಿತ್ತಲಲ್ಲಿ ಹಲಸಿನ ಗಿಡ ನೆಟ್ಟಿದ್ದರು. ಬೇಸಿಗೆಯಲ್ಲಿ ಅವಳು ಅದೇ ಮರಕ್ಕೆ ಒರಗಿ ನಿಂತು ಫೋಟೋ ತೆಗೆಸಿಕೊಂಡಿದ್ದಳು. ಮರ ತನ್ನದೆಂದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಫೋನಿನ ಮೇಲೆ ನನಗೆ ಸಿಟ್ಟಿಲ್ಲ; ನಾಳೆ ಅದು ಇನ್ನೂ ಚೆನ್ನಾಗಿ ಓದಬಹುದು. ಆದರೆ ಅದು ತಪ್ಪಿದೆ ಎಂದು ಗೊತ್ತಾಗಲು ಮನೆಯಲ್ಲಿ ಓದಬಲ್ಲವರು ಒಬ್ಬರಾದರೂ ಇರಬೇಕು. ನಮ್ಮ ಮನೆಯಲ್ಲಿ ಈಗ ಅದು ನಾನು. ನನ್ನ ನಂತರ?

ನೀವು ಹೋಗುವಾಗ ಮನೆಯ ಹಿರಿಯರು ಬರೆದದ್ದು ಏನಾದರೂ ಒಯ್ಯಿರಿ: ಪತ್ರ, ಅಡುಗೆ ಪುಸ್ತಕ, ಲೆಕ್ಕದ ಚೀಟಿ. ಎಲ್ಲರೂ ೦ರಿಂದ ೯ರವರೆಗೆ ಬರೆದು, ಫೋನಿಗೆ ಯಾರದು ಗೊತ್ತಾಗುತ್ತದೆ ನೋಡಿ. ಮಕ್ಕಳು ಮೊದಲು ಊಹಿಸಲಿ, ಕ್ಯಾಮೆರಾ ಆಮೇಲೆ.

ಮಗಳು ಈಗ ಮತ್ತೆ ತರಗತಿಗೆ ಹೋಗುತ್ತಿದ್ದಾಳೆ, ಗೊಣಗುತ್ತಲೇ. ಪತ್ರದ ಎರಡನೇ ಪುಟ ಇನ್ನೂ ಬಾಕಿ ಇದೆ. ನಾನು ಓದಿ ಹೇಳಿಲ್ಲ, ಅವಳೂ ಕೇಳಿಲ್ಲ. ರಾತ್ರಿ ಮಲಗುವ ಮುಂಚೆ ತಾನೇ ಒಂದೊಂದು ಸಾಲು ಓದುತ್ತಿದ್ದಾಳೆ.